ಜೋಡಿ ಪದವಿಯ ಜಿಜ್ಞಾಸೆ

ಹಲಸೂರಿನಲ್ಲಿ ಮೆಟ್ರೊ ರೈಲು ಹತ್ತಿ ಕೃಷ್ಣರಾಜಪುರದ ಕಡೆಗೆ ಹೊರಟಿದ್ದ ಒಂದು ಸಂಜೆ, ಗಾಡಿ ಕಿಕ್ಕಿರಿದು ತುಂಬಿದ್ದಾಗ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ನನಗೆ ಜಾಗ ಬಿಟ್ಟುಕೊಟ್ಟಳು. ಇನ್ನೂ ಐವತ್ತು ತುಂಬದವನಿಗೆ ಇಂಥ ಉಪಚಾರ ಸಂತೋಷಕ್ಕಿಂತ ಹೆಚ್ಚಾಗಿ ಸಂಕೋಚವನ್ನೇ ತರುತ್ತದೆ. ಆದರೂ ಕುಳಿತೆ. ಬಿ.ಕಾಂ. ತರಗತಿಯಲ್ಲಿ ನನ್ನಲ್ಲಿ ಕನ್ನಡ ಓದಿದವಳು. ಪಾಠದ ನಡುವೆ ಪ್ರಶ್ನೆ ಕೇಳಿ ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿದ ಕೆಲವೇ ಮಂದಿಯಲ್ಲಿ ಒಬ್ಬಳು. ಈಗೇನು ಮಾಡುತ್ತಿರುವೆಯಮ್ಮಾ ಎಂದು ಕೇಳಿದೆ.

"ಎರಡು ಓದ್ತಾ ಇದೀನಿ ಸಾರ್" ಎಂದಳು. ಹಗಲು ಕಾಲೇಜಿನಲ್ಲಿ ಎಂ.ಬಿ.ಎ.; ರಾತ್ರಿಯ ಹೊತ್ತು ಮತ್ತು ರಜಾದಿನಗಳಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಮನಶ್ಶಾಸ್ತ್ರದ ಎಂ.ಎ. ಎರಡನೆಯದರಲ್ಲಿ ಉದ್ಯಮ ಮತ್ತು ಸಂಸ್ಥೆಗಳ ಮನಶ್ಶಾಸ್ತ್ರವೆಂಬ ವಿಶೇಷ ವಿಭಾಗವುಂಟಂತೆ. ಅದಕ್ಕಾಗಿಯೇ ಸೇರಿದ್ದಾಳೆ. "ಕಂಪನಿ ಹೇಗೆ ನಡೆಸಬೇಕು ಅನ್ನೋದನ್ನ ಅಲ್ಲಿ ಕಲಿಸ್ತಾರೆ. ಅದು ಬದಲಾದಾಗ ಒಳಗಿರೋರಿಗೆ ಏನಾಗುತ್ತೆ ಅನ್ನೋದನ್ನ ಇಲ್ಲಿ."

ಎರಡು ದೋಣಿಯಲ್ಲಿ ಕಾಲಿಟ್ಟವರ ಗತಿಯೇನೆಂದು ನಾನು ಗಾದೆಯನ್ನು ನೆನಪಿಸಿದೆ. ಅವಳು ನಕ್ಕು ಸುಮ್ಮನಾದಳು. ರೈಲು ಬೈಯಪ್ಪನಹಳ್ಳಿಯನ್ನು ದಾಟುತ್ತಿರುವಾಗ ಕಿಟಕಿಯ ಕಡೆಗೆ ತಿರುಗಿ, "ನಮ್ಮ ತಾತ ಐ.ಟಿ.ಐ.ನಲ್ಲಿದ್ದರು ಸಾರ್" ಎಂದಷ್ಟೇ ಹೇಳಿದಳು. ಮುಂದಿನ ನಿಲ್ದಾಣಗಳಲ್ಲಿ ಜನ ಇಳಿದು ಹತ್ತುವ ಗದ್ದಲದಲ್ಲಿ ಮಾತು ಅಲ್ಲಿಗೇ ನಿಂತಿತು. ಆ ಗಾದೆಯನ್ನು ಹೇಳಬಾರದಾಗಿತ್ತೆಂದು ನನಗೆ ಅನ್ನಿಸಿದ್ದು ಮನೆಗೆ ಬಂದ ಮೇಲೆ.

ನಾವು ಓದುತ್ತಿದ್ದ ಕಾಲದಲ್ಲಿ ಏಕಕಾಲಕ್ಕೆ ಎರಡು ಪೂರ್ಣಾವಧಿ ಪದವಿಗಳಿಗೆ ಹೆಸರು ನೋಂದಾಯಿಸುವಂತಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಈ ಕಟ್ಟನ್ನು ಸಡಿಲಿಸಿತು. ತರಗತಿಯ ವೇಳೆಗಳು ಒಂದರ ಮೇಲೊಂದು ಬೀಳದಿದ್ದರೆ ಎರಡನ್ನೂ ಕಾಲೇಜಿನಲ್ಲಿಯೇ ಓದಬಹುದು. ಇಲ್ಲವೆ ಒಂದನ್ನು ಕಾಲೇಜಿನಲ್ಲಿಯೂ ಇನ್ನೊಂದನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಕ್ರಮದಲ್ಲಿಯೂ ಓದಬಹುದು. ಪಿಎಚ್.ಡಿ.ಗೆ ಈ ಸೌಕರ್ಯವಿಲ್ಲ. ಅಮೆರಿಕದಲ್ಲಿ ವಾಣಿಜ್ಯ ನಿರ್ವಹಣೆಯನ್ನೂ ಸಂಸ್ಥಾ ಪರಿವರ್ತನೆಯನ್ನೂ ಒಂದೇ ನೊಗಕ್ಕೆ ಹೂಡಿದ ಜೋಡಿ ಪದವಿಗಳು ಮೊದಲಿನಿಂದಲೂ ಇವೆ. ನಮ್ಮ ಹುಡುಗರು ಆ ಜೋಡಿಯನ್ನು ತಾವೇ ಕಟ್ಟಿಕೊಳ್ಳಬೇಕಾಗಿದೆ.

ಅಧ್ಯಾಪಕರ ಕೊಠಡಿಯಲ್ಲಿ ಈ ವಿಷಯ ತೆಗೆದರೆ ಬರುವ ಉತ್ತರವನ್ನು ನಾನು ಬಲ್ಲೆ: "ಪದವಿಯ ವ್ಯಾಮೋಹ ಸ್ವಾಮಿ, ಹೆಸರಿನ ಮುಂದೆ ಅಕ್ಷರಗಳ ಸರ." ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಒಂದು ಪುಸ್ತಕವನ್ನು ನೆಟ್ಟಗೆ ಓದಲು ಪುರಸೊತ್ತಿಲ್ಲದವರು ಎರಡು ಪಠ್ಯಕ್ರಮಗಳನ್ನು ಹೊತ್ತು ತಿರುಗುವುದನ್ನು ನಾನೂ ಕಂಡಿದ್ದೇನೆ. ಆದರೆ ಈ ಹುಡುಗಿಯ ಜೋಡಿಯ ವಿಚಾರವೇ ಬೇರೆ. ಲೆಕ್ಕಶಾಸ್ತ್ರದ ಜೊತೆಗೆ ಇನ್ನೊಂದು ಲೆಕ್ಕಶಾಸ್ತ್ರವನ್ನು ಇವಳು ಓದುತ್ತಿಲ್ಲ. ಮೊದಲನೆಯದು ಸಂಸ್ಥೆಯನ್ನು ಮೇಲಿನಿಂದ ನೋಡುತ್ತದೆ, ಎರಡನೆಯದು ಒಳಗಿನಿಂದ. ಇವೆರಡೂ ಒಂದೇ ತಲೆಯಲ್ಲಿ ಕೂತು ಜಗಳವಾಡಿದರೆ ಒಳ್ಳೆಯದು. ಜಗಳವಾಡದೆ ರಾಜಿಯಾಗಿಬಿಟ್ಟರೆ? ನನ್ನ ಅಂಜಿಕೆಯಿರುವುದು ಅಲ್ಲಿ.

ಸಂಸ್ಥೆಗಳ ಪರಿವರ್ತನೆಯನ್ನು ಶಾಸ್ತ್ರವಾಗಿ ಕಟ್ಟಿದವರಲ್ಲಿ ಕರ್ಟ್ ಲೆವಿನ್ ಮುಖ್ಯನಾದವನು. ಹಿಟ್ಲರನ ಜರ್ಮನಿಯನ್ನು ಬಿಟ್ಟು 1933ರಲ್ಲಿ ಅಮೆರಿಕವನ್ನು ಸೇರಿದ ಯೆಹೂದಿ ವಿದ್ವಾಂಸ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಳ್ಳೆಯ ಮಾಂಸಕ್ಕೆ ಕೊರತೆಯಾದಾಗ, ಜನ ಅಸಡ್ಡೆಯಿಂದ ಬಿಡುವ ಹೃದಯ, ಮೂತ್ರಪಿಂಡ ಮುಂತಾದ ಭಾಗಗಳನ್ನು ಅಲ್ಲಿಯ ಗೃಹಿಣಿಯರು ಅಡಿಗೆಗೆ ಬಳಸುವಂತೆ ಮಾಡುವುದು ಹೇಗೆಂದು ಅವನು ಪ್ರಯೋಗ ನಡೆಸಿದ. (ನಮ್ಮ ಶಿವಾಜಿನಗರದ ಅಡಿಗೆಮನೆಗಳಿಗೆ ಈ ಉಪದೇಶ ಬೇಕಾಗಿರಲಿಲ್ಲ, ಅದು ಬೇರೆ ಮಾತು.) ಕೆಲವು ಗುಂಪುಗಳಿಗೆ ಸೊಗಸಾದ ಉಪನ್ಯಾಸ ಮಾಡಿಸಿದ, ಉಳಿದವರನ್ನು ಕೂಡಿಸಿ, ತಾವೇ ಚರ್ಚಿಸಿ ತಾವೇ ತೀರ್ಮಾನಿಸುವಂತೆ ಬಿಟ್ಟ. ಉಪನ್ಯಾಸ ಕೇಳಿದವರಲ್ಲಿ ನೂರಕ್ಕೆ 3 ಮಂದಿ ಆ ಅಡಿಗೆಯನ್ನು ಮಾಡಿ ಬಡಿಸಿದರು. ಚರ್ಚಿಸಿದವರಲ್ಲಿ ನೂರಕ್ಕೆ 32 ಮಂದಿ. ಉಪನ್ಯಾಸವನ್ನೇ ಜೀವನೋಪಾಯ ಮಾಡಿಕೊಂಡಿರುವ ನನಗೆ ಇದು ಅಷ್ಟೇನೂ ಹಿತವಾದ ಸಂಗತಿಯಲ್ಲ. ಆದರೆ ಈ ಶಾಸ್ತ್ರದ ಬೇರು ಇರುವುದು ಇಲ್ಲಿಯೇ: ಬದಲಾಗಬೇಕಾದವರನ್ನು ಕೇಳದೆ ಮಾಡಿದ ಬದಲಾವಣೆ ನಿಲ್ಲುವುದಿಲ್ಲ.

ಇದನ್ನು ತಿಳಿಯಲು ನಾವು ಅಮೆರಿಕದವರೆಗೆ ಹೋಗಬೇಕಾದುದೂ ಇಲ್ಲ. 1809ರಲ್ಲಿ ಬ್ರಿಟಿಷರು ಕಟ್ಟಿದ ದಂಡಿನ ಪ್ರದೇಶವೂ ಹಳೆಯ ಪೇಟೆಯೂ ಎರಡು ಊರುಗಳಂತೆ ಬೆಳೆದವು. 1949ರಲ್ಲಿ ಎರಡು ಪುರಸಭೆಗಳನ್ನೂ ಒಂದುಗೂಡಿಸಿ ಬೆಂಗಳೂರು ನಗರ ಕಾರ್ಪೊರೇಷನ್ ರಚಿಸಿದರು. ಕಾಗದದ ಮೇಲೆ ಅಂದೇ ಎಲ್ಲವೂ ಒಂದಾಯಿತು. ಇಂದಿಗೂ ಶಿವಾಜಿನಗರದ ಹಿರಿಯರು ಮೆಜೆಸ್ಟಿಕ್ಕಿಗೆ ಹೊರಟರೆ "ಸಿಟಿಗೆ ಹೋಗಿ ಬರ್ತೀನಿ" ಎನ್ನುತ್ತಾರೆ. ತಾವಿರುವುದು ಸಿಟಿಯಲ್ಲವೆ ಎಂದು ಅವರನ್ನು ಕೇಳಿ ನೋಡಿ! 2025ರಲ್ಲಿ ಈ ನಗರವನ್ನು ಮತ್ತೆ ಐದು ಪಾಲಿಕೆಗಳಾಗಿ ವಿಂಗಡಿಸಿದ್ದಾರೆ. ಕೃಷ್ಣರಾಜಪುರ ಪೂರ್ವದ ಪಾಲಿಕೆಗೆ ಸೇರಿತು, ಶಿವಾಜಿನಗರ ಕೇಂದ್ರದ್ದಕ್ಕೆ. ನಾಲಗೆ ಅದನ್ನು ಒಪ್ಪಿಕೊಳ್ಳಲು ಎಷ್ಟು ವರ್ಷ ಬೇಕೋ!

ಆ ಹುಡುಗಿ ತಾತನ ಹೆಸರೆತ್ತಿದ ಐ.ಟಿ.ಐ.ಯ ಕತೆ ಇನ್ನೂ ಘನವಾದುದು. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ 1948ರಲ್ಲಿ ಸ್ಥಾಪಿತವಾದ, ಸ್ವತಂತ್ರ ಭಾರತದ ಮೊದಲ ಸರಕಾರಿ ಉದ್ಯಮ. ಅದರ ಸುತ್ತ ಬೆಳೆದ ದೂರವಾಣಿನಗರ ಹೆಸರನ್ನೇ ಅದರಿಂದ ಪಡೆಯಿತು. ಅಲ್ಲಿ ಮೊದಲು ತಯಾರಾದುವು ಸ್ಟ್ರೋಜರ್ ಮಾದರಿಯ ಯಂತ್ರಗಳು, ಅಂದರೆ ನೂರಾರು ಬಿಡಿಭಾಗಗಳನ್ನು ಕೈಯಿಂದಲೇ ಜೋಡಿಸಿ ಹದಗೊಳಿಸಬೇಕಾದಂಥವು. ಅರುವತ್ತರ ದಶಕದಲ್ಲಿ ಕ್ರಾಸ್‌ಬಾರ್ ಬಂತು. ಎಂಬತ್ತರ ದಶಕದಲ್ಲಿ ಎಲೆಕ್ಟ್ರಾನಿಕ್ ವಿನಿಮಯ ಕೇಂದ್ರಗಳು. ಬೆರಳಿನ ಕೌಶಲಕ್ಕಿದ್ದ ಬೆಲೆ ಇಳಿಯಿತು. 1991ರ ಆರ್ಥಿಕ ಸುಧಾರಣೆಯ ಅನಂತರ ಖಾಸಗಿ ಕಂಪನಿಗಳು ಪೈಪೋಟಿಗಿಳಿದವು, ಬೇಡಿಕೆ ಕುಗ್ಗಿತು, ಸಾವಿರಾರು ಮಂದಿ ಸ್ವಯಂ ನಿವೃತ್ತಿ ಪಡೆದು ಮನೆಗೆ ನಡೆದರು. 2014ರಲ್ಲಿ ಕೇಂದ್ರ ಸರಕಾರ 4,000 ಕೋಟಿ ರೂಪಾಯಿಗೂ ಮೀರಿದ ಪುನಶ್ಚೇತನ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಂಸ್ಥೆ ಇಂದಿಗೂ ಇದೆ. ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್.ಗೆ ಆ ಭಾಗ್ಯವಿರಲಿಲ್ಲ. 1956ರಲ್ಲಿ ಹುಟ್ಟಿ, ಜರ್ಮನಿಯ ಎ.ಇ.ಜಿ. ಕಂಪನಿಯ ಸಹಯೋಗದಲ್ಲಿ ಟ್ರಾನ್ಸ್‌ಫಾರ್ಮರುಗಳನ್ನು ತಯಾರಿಸಿದ ಆ ಕಾರ್ಖಾನೆ 2002ರಲ್ಲಿ ಮುಚ್ಚಿತು.

"ಮುಚ್ಚಿತು" ಎಂದು ಬರೆದೆ. ಕನ್ನಡದ ಮೇಷ್ಟರಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ವಾಚಕರು ಕ್ಷಮಿಸಬೇಕು. ಕಾರ್ಖಾನೆ ತನ್ನಷ್ಟಕ್ಕೆ ತಾನೇ ಮುಚ್ಚಿಕೊಳ್ಳಬಲ್ಲುದೆ? ಮುಚ್ಚಿದವರು ಯಾರೋ ಇರಬೇಕಷ್ಟೆ. ನಮ್ಮ ವಾಕ್ಯ ಅವರನ್ನು ಮರೆಮಾಡುತ್ತದೆ. "ವಿ.ಆರ್.ಎಸ್. ತಗೊಂಡರು" ಎನ್ನುವಾಗ ಅದೇ ವ್ಯಾಕರಣ ತಿರುಗುಮುರುಗಾಗುತ್ತದೆ, ಕೆಲಸ ಕಳೆದುಕೊಂಡವನೇ ಕರ್ತೃವಾಗಿ ನಿಲ್ಲುತ್ತಾನೆ. ಇಂಗ್ಲಿಷಿನ ವರದಿಗಳಲ್ಲಂತೂ ಇಂಥ ಜಾಣತನ ಇನ್ನೂ ಹೆಚ್ಚು. ಎಂ.ಬಿ.ಎ. ತರಗತಿಯಲ್ಲಿ ಈ ವಾಕ್ಯಗಳನ್ನು ಬರೆಯಲು ಕಲಿಸುತ್ತಾರೆ. ಅವುಗಳ ಕರ್ತೃ ಯಾರು, ಕರ್ಮ ಯಾರು ಎಂದು ಕೇಳುವ ಕೆಲಸ ಎರಡನೆಯ ಪದವಿಯದು. ಅದು ಆ ಕೆಲಸವನ್ನು ಬಿಟ್ಟು, ಆಗಲೇ ತೀರ್ಮಾನಿಸಿದ ಕಹಿ ಗುಳಿಗೆಗೆ ಸಕ್ಕರೆ ಸವರುವ ವಿದ್ಯೆಯಾದರೆ, ಎರಡು ಪದವಿಗಳಿಗಿಂತ ಒಂದೇ ಲೇಸು.

ಇದು ಊಹೆಯ ಮಾತಲ್ಲ. ಹೆಸರು ಬೇಡ, ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಾಲೇಜೊಂದರಲ್ಲಿ ಶುಲ್ಕ ಕಟ್ಟಿಸಿಕೊಳ್ಳುವ ಗುಮಾಸ್ತರೊಬ್ಬರಿದ್ದರು. ಯಾವ ಹುಡುಗಿಯ ತಂದೆಗೆ ಕಾಯಿಲೆ, ಯಾವ ಹುಡುಗನ ಮನೆಯಲ್ಲಿ ಈ ತಿಂಗಳು ಬಾಡಿಗೆ ಬಾಕಿ ಎಂಬುದು ಅವರಿಗೆ ಬಾಯಿಪಾಠ. ಹಾಗೆ ಹೀಗೆ ಮಾಡಿ ಗಡುವನ್ನು ಹದಿನೈದು ದಿನ ಎಳೆಯುತ್ತಿದ್ದರು. ಒಂದು ವರ್ಷ ಆಡಳಿತದವರು ಸಲಹೆಗಾರರನ್ನು ಕರೆಸಿದರು. ಬಾಣದ ಗುರುತುಗಳ ಚಿತ್ರಗಳು, "ಬದಲಾವಣೆಯನ್ನು ಅಪ್ಪಿಕೊಳ್ಳೋಣ" ಎಂಬ ಘೋಷಣೆ, ಕೊನೆಯಲ್ಲಿ ಕಾಫಿ. ಶುಲ್ಕವೆಲ್ಲ ಕಂಪ್ಯೂಟರಿನ ಮೂಲಕವೇ ಎಂದಾಯಿತು. ಗುಮಾಸ್ತರು ಉಗ್ರಾಣಕ್ಕೆ ಹೋದರು. ಆ ಸಲ ಗಡುವು ಮುಗಿದ ರಾತ್ರಿಯೇ ಪರೀಕ್ಷೆಯ ಅರ್ಜಿ ಮುಚ್ಚಿಕೊಂಡಿತು. (ನೋಡಿ, ಮತ್ತೆ ತನ್ನಷ್ಟಕ್ಕೆ ತಾನೇ.) ನನ್ನ ತರಗತಿಯ ಮೂವರು ಪರೀಕ್ಷೆಗೆ ಕೂಡಲಿಲ್ಲ, ಅವರಲ್ಲಿ ಒಬ್ಬಳು ಮತ್ತೆ ಕಾಲೇಜಿಗೆ ಬರಲೇ ಇಲ್ಲ. ಸಲಹೆಗಾರರ ಸಭೆಯಲ್ಲಿ ಒಪ್ಪಿಗೆಯೆಂದು ಕೈಯೆತ್ತಿದವರಲ್ಲಿ ನಾನೂ ಒಬ್ಬನಾಗಿದ್ದೆ.

ಆ ಹುಡುಗಿಯನ್ನು ಎರಡನೆಯ ಸಲ ಕಂಡಾಗ, ಈ ಕತೆಯನ್ನು ಅವಳಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಆ ಸಭೆಗೆ ಆ ಗುಮಾಸ್ತರನ್ನ ಕರೆದಿದ್ರಾ ಸಾರ್?" ಕರೆದಿರಲಿಲ್ಲ. ಕರೆಯಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಂದಿನಿಂದ ನಾನು ಅವಳ ಜೋಡಿ ಓದಿನ ಪಕ್ಷಪಾತಿ.

ಆದರೆ ಒಂದು ತೊಡಕನ್ನು ಅವಳ ಮುಂದಿಟ್ಟೆ. ಅವಳ ಎರಡೂ ಓದು ಇಂಗ್ಲಿಷಿನಲ್ಲಿ. ಲೆವಿನ್ನನ ಗೃಹಿಣಿಯರು ಚರ್ಚಿಸಿದ್ದು ತಮ್ಮ ಮಾತಿನಲ್ಲಿ. ಅವಳ ತಾತ ಕಾರ್ಖಾನೆಯಲ್ಲಿ ಕಳೆದ ಮೂವತ್ತು ವರ್ಷವೂ ಕನ್ನಡ ತಮಿಳುಗಳಲ್ಲಿಯೇ ಕಳೆಯಿತು. ಆ ಅನುಭವ ನೇರವಾಗಿ ಪರೀಕ್ಷಕರ ಇಂಗ್ಲಿಷಿಗೆ ಹಾರಿದರೆ ಅರ್ಧ ದಾರಿಯಲ್ಲಿಯೇ ಚೆಲ್ಲಿಹೋಗುತ್ತದೆ. ತಾತ ಹೇಳಿದ್ದನ್ನು ಮೊದಲು ಅವರ ಮಾತಿನಲ್ಲಿಯೇ ಬರೆದುಕೋ, ಭಾಷಾಂತರ ಆಮೇಲಾಗಲಿ ಎಂದೆ. ಪ್ರಬಂಧದ ಅನುಬಂಧದಲ್ಲಿ ಆ ಮೂಲ ಮಾತುಗಳನ್ನು ಕನ್ನಡದಲ್ಲಿಯೇ ಸಲ್ಲಿಸಲು ನಮ್ಮ ವಿಶ್ವವಿದ್ಯಾಲಯಗಳು ಅವಕಾಶ ಕೊಡಬೇಕು. ಇದೇನೂ ದೊಡ್ಡ ಬೇಡಿಕೆಯಲ್ಲ. ಹತ್ತಿಪ್ಪತ್ತು ಪುಟಗಳ ಮಾತು.

ಓದಲು ಅವಳಿಗೆ ಎರಡು ಪುಸ್ತಕಗಳನ್ನು ಸೂಚಿಸಿದೆ. ದಿಲೀಪ್ ಸುಬ್ರಮಣಿಯನ್ ಐ.ಟಿ.ಐ.ಯನ್ನೇ ಕುರಿತು 2010ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥ ಒಂದು. ಸರಕಾರ, ವ್ಯವಹಾರ, ಕಾರ್ಮಿಕ ಈ ಮೂವರನ್ನೂ ಒಂದೇ ರಟ್ಟಿನೊಳಗೆ ಕೂಡಿಸಿದ ಅಪರೂಪದ ಇತಿಹಾಸ ಅದು. ಇನ್ನೊಂದು ಯಶವಂತ ಚಿತ್ತಾಲರ 'ಶಿಕಾರಿ', 1979ರ ಕಾದಂಬರಿ. ಮುಂಬಯಿಯ ಕಂಪನಿಯೊಂದರಲ್ಲಿ ಕೆಲಸದಿಂದ ಅಮಾನತುಗೊಂಡ ನಾಗಪ್ಪನ ಭಯವನ್ನು ಬಲ್ಲವರು ಆಡಳಿತದ ಪತ್ರವೊಂದಕ್ಕೆ ಸಹಿ ಹಾಕುವ ಮುನ್ನ ಎರಡು ಸಲ ಯೋಚಿಸಿಯಾರು. ಚಿತ್ತಾಲರು ಸ್ವತಃ ಅಂಥ ಉದ್ಯಮದಲ್ಲಿಯೇ ದುಡಿದವರು. ಎಂ.ಬಿ.ಎ.ಯ ಪಠ್ಯಕ್ಕೆ ಇದನ್ನು ಏಕೆ ಇಡಬಾರದೆಂದು ನಾನು ಕೆಲವರನ್ನು ಕೇಳಿದ್ದೇನೆ. ಅವರು ಇದನ್ನು ಹಾಸ್ಯವೆಂದು ತಿಳಿದರು.

ನಮ್ಮ ಕನ್ನಡದ ಜನವೂ ಇಲ್ಲಿ ನಿರ್ದೋಷಿಗಳಲ್ಲ. 1980ರ ಡಿಸೆಂಬರಿನ ಕೊನೆಯಿಂದ 77 ದಿನಗಳ ಕಾಲ ಐ.ಟಿ.ಐ., ಎಚ್.ಎ.ಎಲ್., ಎಚ್.ಎಂ.ಟಿ. ಮೊದಲಾದ ಸರಕಾರಿ ಉದ್ಯಮಗಳ ಕಾರ್ಮಿಕರು ಬೆಂಗಳೂರಿನಲ್ಲಿ ಮುಷ್ಕರ ಹೂಡಿದರು. ಗೋಕಾಕ್ ಸಮಿತಿ ತನ್ನ ವರದಿಯನ್ನು ಒಪ್ಪಿಸಿದ್ದು ಆ ನಡುವೆಯೇ, 1981ರ ಜನವರಿಯಲ್ಲಿ. ವರದಿಯ ವಿಚಾರವನ್ನು ನಾನು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಮುಷ್ಕರದ ಮಾತನ್ನು ಒಮ್ಮೆಯೂ ಎತ್ತಿಲ್ಲ.

ಅವಳ ಎರಡು ಪರೀಕ್ಷೆಗಳು ಈ ಸಲ ಒಂದೇ ತಿಂಗಳಿನಲ್ಲಿ ಬೀಳುವಂತಿವೆ; ಅದಕ್ಕೆ ಉಪಾಯವನ್ನು ಅವಳೇ ಹುಡುಕಿಕೊಳ್ಳಬೇಕು. ಅದಕ್ಕೆ ಮೊದಲು, ಬರುವ ಭಾನುವಾರ, ತಾತನನ್ನು ಕರೆದುಕೊಂಡು ಹಲಸೂರಿನ ನಮ್ಮ ಮನೆಗೆ ಬರುವುದಾಗಿ ಹೇಳಿದ್ದಾಳೆ. ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದೇನೆ. ಸಂಬಳವಿಲ್ಲದ ಆ 77 ದಿನ ಮನೆಯಲ್ಲಿ ಒಲೆ ಉರಿದದ್ದು ಹೇಗೆಂಬುದು ಮೊದಲನೆಯದು.