ಬೆಲೆ ಇಳಿದಾಗ ನಷ್ಟ ಯಾರ ಪಾಲಿಗೆ?

ಹಬ್ಬದ ಮುನ್ನಾದಿನ ಕೊಂಡ ಮೊಬೈಲಿನ ಬೆಲೆ ಹಬ್ಬ ಕಳೆದ ವಾರದಲ್ಲಿ ಎರಡು ಸಾವಿರ ರೂಪಾಯಿ ಇಳಿದರೆ, ಕೊಂಡವನು ಮತ್ತೆ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ. ಹುಕ್ಕೇರಿ, ಸಂಕೇಶ್ವರ, ಯಮಕನಮರಡಿಗಳ ಎಲೆಕ್ಟ್ರಾನಿಕ್ ಸಾಮಾನಿನ ವರ್ತಕರಿಗೆ ಇದು ಹೊಸತಲ್ಲ. ಹೊಸತಾಗಿರುವುದು ಗಿರಾಕಿಯ ಕೈಯಲ್ಲಿರುವ ಆಧಾರ. ಹಿಂದೆ ಆತ ನೆರೆಯವರ ಮಾತು ಕೇಳಿ ಬರುತ್ತಿದ್ದ. ಈಗ ಕೊಂಡ ಮೊಬೈಲಿನ ಪರದೆಯ ಮೇಲೆಯೇ ಇಳಿದ ಬೆಲೆಯನ್ನು ತೋರಿಸುತ್ತಾನೆ. ಕ್ರೆಡಿಟ್ ಕಾರ್ಡಿನಿಂದ ಹಣ ಕೊಟ್ಟವನು ವ್ಯತ್ಯಾಸದ ಹಣವನ್ನು ಬ್ಯಾಂಕೇ ಮರಳಿಸುತ್ತದೆಂದು ನಂಬಿರುವುದೂ ಉಂಟು. ಆ ನಂಬಿಕೆಯಲ್ಲಿ ಸತ್ಯಾಂಶವಿದೆ. ಆದರೆ ಅದು ಬೇರೊಂದು ದೇಶದ್ದು, ಅಲ್ಲಿಯೂ ಬಹುಮಟ್ಟಿಗೆ ಮುಗಿದುಹೋದದ್ದು.

ಅಮೆರಿಕದ ಕೆಲವು ಕ್ರೆಡಿಟ್ ಕಾರ್ಡುಗಳಲ್ಲಿ ‘ಬೆಲೆ ರಕ್ಷಣೆ’ ಎಂಬ ಸೌಲಭ್ಯವಿತ್ತು. ಕಾರ್ಡಿನಿಂದ ಕೊಂಡ ವಸ್ತುವಿನ ಬೆಲೆ ನಿಗದಿತ ದಿನಗಳೊಳಗೆ ಇಳಿದರೆ ಗ್ರಾಹಕನು ಅಂಗಡಿಯ ರಸೀದಿ, ಕಾರ್ಡಿನ ಲೆಕ್ಕಪತ್ರ, ದಿನಾಂಕ ಸಹಿತ ಕಡಿಮೆ ಬೆಲೆಯ ಜಾಹೀರಾತು ಇವಿಷ್ಟನ್ನೂ ಲಗತ್ತಿಸಿ ಅರ್ಜಿ ಹಾಕಬೇಕಿತ್ತು. ಅದೇ ಕಂಪನಿಯ ಅದೇ ಮಾದರಿಯ ವಸ್ತುವಾಗಿರಬೇಕು. ಹರಾಜಿನ ಬೆಲೆ, ದಾಸ್ತಾನು ತೀರಿಸುವ ಮಾರಾಟದ ಬೆಲೆ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಸಿಟಿ ಬ್ಯಾಂಕು ಒಂದು ಹೆಜ್ಜೆ ಮುಂದೆ ಹೋಗಿ, ಗ್ರಾಹಕನು ನೋಂದಾಯಿಸಿದ ವಸ್ತುವಿನ ಬೆಲೆಯನ್ನು 60 ದಿನಗಳ ಕಾಲ ತಾನೇ ಹುಡುಕಿಕೊಡುವ ವ್ಯವಸ್ಥೆ ಮಾಡಿತ್ತು. ಅರ್ಜಿ ಬರೆಯುವ ತಾಪತ್ರಯಕ್ಕೆ ಬೇಸತ್ತು ಬಹಳ ಜನ ಸುಮ್ಮನಾಗುತ್ತಿದ್ದ ಕಾಲದವರೆಗೆ ಈ ಭರವಸೆ ಅಗ್ಗವಾಗಿತ್ತು. ಗ್ರಾಹಕನ ಮಿಂಚಂಚೆಯಲ್ಲಿನ ರಸೀದಿಗಳನ್ನು ಓದಿ, ಇಳಿದ ಬೆಲೆ ಪತ್ತೆ ಮಾಡಿ, ಮರುಪಾವತಿ ಕೇಳುವ ಕೆಲಸವನ್ನು ಗಣಕಯಂತ್ರವೇ ಮಾಡತೊಡಗಿದಾಗ ಅದು ದುಬಾರಿಯಾಗಬಹುದಾದ ಭರವಸೆಯಾಯಿತು. 2018ರಲ್ಲಿ ಚೇಸ್ ಮತ್ತು ಡಿಸ್ಕವರ್, 2019ರ ಸೆಪ್ಟೆಂಬರಿನಲ್ಲಿ ಸಿಟಿ ಈ ಸೌಲಭ್ಯವನ್ನು ಹಿಂತೆಗೆದುಕೊಂಡವು. ಕೇಳುವವರು ಕಡಿಮೆ ಎಂಬ ಲೆಕ್ಕದ ಮೇಲೆ ಕೊಟ್ಟ ಮಾತು, ಕೇಳುವುದು ಸುಲಭವಾದ ಕಾಲಕ್ಕೆ ನಿಲ್ಲಲಿಲ್ಲ.

ತಯಾರಕರೇ ಬೆಲೆ ರಕ್ಷಣೆಗೆ ಮುಂದಾದ ಪ್ರಸಂಗವೂ ಇದೆ. ಆಪಲ್ ಕಂಪನಿ 2007ರ ಜೂನ್ 29ರಂದು 599 ಡಾಲರಿಗೆ ಮಾರಾಟಕ್ಕಿಟ್ಟ ಐಫೋನಿನ ಬೆಲೆಯನ್ನು ಸೆಪ್ಟೆಂಬರ್ 5ರಂದು 399 ಡಾಲರಿಗೆ ಇಳಿಸಿತು. ಮೊದಲ ದಿನವೇ ಕೊಂಡವರು ಕೆರಳಿದರು. ಮರುದಿನವೇ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು, ಅವರಿಗೆ 100 ಡಾಲರುಗಳ ಖರೀದಿ ಜಮೆಯನ್ನು ಘೋಷಿಸಿದರು. ಕೊಟ್ಟದ್ದು ವ್ಯತ್ಯಾಸದ ಅರ್ಧ. ಅದೂ ನಗದಲ್ಲ, ಮತ್ತೆ ಆಪಲ್‌ನಲ್ಲಿಯೇ ಖರ್ಚು ಮಾಡಬೇಕಾದ ಹಣ. ವ್ಯಾಪಾರದ ಜಾಣತನ ಬಲ್ಲವರು ಇದನ್ನು ಗಮನಿಸದೆ ಇರಲಾರರು.

ನಮ್ಮ ದೇಶದ ಬ್ಯಾಂಕುಗಳು ಇಂಥ ಸೌಲಭ್ಯವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಅವು ಕೊಡುವುದು ಕೊಳ್ಳುವ ಗಳಿಗೆಯ ರಿಯಾಯಿತಿ ಮತ್ತು ಕಂತಿನ ಅನುಕೂಲ. ಕಾನೂನಿನಲ್ಲಿಯೂ ಗ್ರಾಹಕನಿಗೆ ಈ ಹಕ್ಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದೋಷಯುಕ್ತ ವಸ್ತುವನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಬೆಲೆ ಇಳಿಯುವುದು ವಸ್ತುವಿನ ದೋಷವಲ್ಲ. ಆದ್ದರಿಂದ ಮಾರುವ ಭರದಲ್ಲಿ ‘ಕಾರ್ಡಿದ್ದರೆ ಚಿಂತೆಯಿಲ್ಲ’ ಎಂದು ಹೇಳಿ ಕಳಿಸುವುದು ಮುಂದೆ ತನ್ನ ಕಟ್ಟೆಗೇ ಜಗಳವನ್ನು ಕರೆದುಕೊಂಡಂತೆ.

ಹಾಗಾದರೆ ಹುಕ್ಕೇರಿಯ ಗಿರಾಕಿಗೆ ಬೆಲೆ ರಕ್ಷಣೆ ಇಲ್ಲವೇ? ಇದೆ, ಅದು ಉದ್ರಿಯ ಖಾತೆಯಲ್ಲಿದೆ. ಕಬ್ಬಿನ ಬಿಲ್ಲು ಬಂದ ಮೇಲೆ ತೀರಿಸುವೆನೆಂದು ಅರ್ಧ ಹಣ ಕೊಟ್ಟು ಟಿ.ವಿ. ಒಯ್ದವನು, ನಡುವೆ ಬೆಲೆ ಇಳಿದರೆ ಬಾಕಿಯಲ್ಲಿ ಮುರಿದುಕೊಂಡೇ ಲೆಕ್ಕ ಚುಕ್ತಾ ಮಾಡುತ್ತಾನೆ. ವರ್ತಕನೂ ಬಾಕಿ ಬಂದರೆ ಸಾಕೆಂದು ಒಪ್ಪುತ್ತಾನೆ. ಪೂರ್ತಿ ರೊಕ್ಕ ಎಣಿಸಿಕೊಟ್ಟವನು, ಕಾರ್ಡು ಉಜ್ಜಿದವನು ಬಂದು ಕೇಳಿದರೆ ಮಾತ್ರ ‘ವ್ಯಾಪಾರ ಮುಗಿಯಿತು’ ಎಂಬ ಉತ್ತರ. ಹೊತ್ತಿಗೆ ಸರಿಯಾಗಿ ಹಣ ಕೊಟ್ಟವನಿಗೆ ದಂಡ, ಉಳಿಸಿಕೊಂಡವನಿಗೆ ರಿಯಾಯಿತಿ! ಇದನ್ನು ಯಾರೂ ಯೋಚಿಸಿ ಮಾಡಿದ್ದಲ್ಲ, ರೂಢಿಯಲ್ಲಿ ಬಂದದ್ದು. ಆದರೆ ನಗದು ಗಿರಾಕಿ ನಿಧಾನವಾಗಿ ಬೆಳಗಾವಿಯ ದೊಡ್ಡ ಮಳಿಗೆಗೋ ಅಂತರಜಾಲದ ಮಾರಾಟಕ್ಕೋ ಸರಿದುಹೋಗುವುದರಲ್ಲಿ ಈ ರೂಢಿಯ ಪಾಲೂ ಇದೆ.

ವರ್ತಕನ ಕಡೆಯ ನ್ಯಾಯವನ್ನೂ ನೋಡಬೇಕು. ಇಳಿದ ಬೆಲೆ ಮೊದಲು ತಟ್ಟುವುದು ಅವನ ಕಪಾಟಿನಲ್ಲಿರುವ ದಾಸ್ತಾನಿಗೆ. ಕಂಪನಿಗಳು ಬೆಲೆ ಇಳಿಸಿದಾಗ ವಿತರಕರಿಗೂ ನೋಂದಾಯಿತ ಚಿಲ್ಲರೆ ಮಾರಾಟಗಾರರಿಗೂ ಕ್ರೆಡಿಟ್ ನೋಟಿನ ಮೂಲಕ ವ್ಯತ್ಯಾಸ ತುಂಬಿಕೊಡುವ ಪದ್ಧತಿ ಮೊಬೈಲ್ ವ್ಯಾಪಾರದಲ್ಲಿದೆ. ಮಾರಾಟವಾಗದೆ ಉಳಿದ ಪ್ರತಿ ಮೊಬೈಲಿನ ಐಎಂಇಐ ಸಂಖ್ಯೆಯನ್ನು ಅದಕ್ಕಾಗಿ ತಾಳೆ ನೋಡುತ್ತಾರೆ. ತೊಡಕಿರುವುದು ಇಲ್ಲಿಯೇ. ಬೆಳಗಾವಿ ಅಥವಾ ಕೊಲ್ಲಾಪುರದ ಸಗಟು ಅಂಗಡಿಯಿಂದ ಹತ್ತು ಹದಿನೈದು ನಗಗಳನ್ನು ತಂದು ಮಾರುವ ಸಣ್ಣ ವರ್ತಕನ ಹೆಸರು ಕಂಪನಿಯ ದಫ್ತರಿನಲ್ಲಿ ಇರುವುದೇ ಇಲ್ಲ. ಅವನ ಪಾಲಿನ ವ್ಯತ್ಯಾಸ ಮೇಲಿನ ಹಂತದಲ್ಲಿಯೇ ನಿಂತುಬಿಡುತ್ತದೆ. ಇಲ್ಲವೇ ಯಾರಿಗೂ ಸೇರುವುದಿಲ್ಲ. ತನಗೇ ಸಿಗದ ರಕ್ಷಣೆಯನ್ನು ಗಿರಾಕಿಗೆ ಎಲ್ಲಿಂದ ತಂದು ಕೊಟ್ಟಾನು?

2025ರ ಸರಕು ಮತ್ತು ಸೇವಾ ತೆರಿಗೆ ಇಳಿಕೆಯ ಸಮಯದಲ್ಲಿ ಈ ಪ್ರಶ್ನೆ ನಿಚ್ಚಳವಾಯಿತು. ಆಗಸ್ಟ್ 15ರಂದು ಪ್ರಧಾನಿಯವರು ಕೆಂಪು ಕೋಟೆಯಿಂದ ತೆರಿಗೆ ಸುಧಾರಣೆಯ ಸೂಚನೆ ಕೊಟ್ಟರು. ಸೆಪ್ಟೆಂಬರ್ 3ರಂದು ಜಿ.ಎಸ್.ಟಿ. ಮಂಡಳಿ ತೀರ್ಮಾನಿಸಿತು. ಹವಾನಿಯಂತ್ರಕ ಹಾಗೂ 32 ಅಂಗುಲಕ್ಕಿಂತ ದೊಡ್ಡ ಟಿ.ವಿ.ಗಳ ಮೇಲಿನ ತೆರಿಗೆ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18 ಆಯಿತು. ನಡುವಿನ ಐದು ವಾರಗಳಲ್ಲಿಯೇ ಗಣೇಶ ಚತುರ್ಥಿ ಬಂದುಹೋಯಿತು. ಆ ಅವಧಿಯಲ್ಲಿ ಕೊಳ್ಳದೆ ಕಾಯ್ದವನು ಗೆದ್ದ. ದಾಸ್ತಾನು ತುಂಬಿಕೊಂಡವನು ಸಿಕ್ಕಿಕೊಂಡ. ಮೂಲಬೆಲೆ 30,000 ರೂಪಾಯಿ ಇರುವ ಟಿ.ವಿ. ಹಳೆಯ ದರದಲ್ಲಿ 38,400, ಹೊಸ ದರದಲ್ಲಿ 35,400. ಪೂರ್ಣ ನೋಂದಣಿಯ ವರ್ತಕನಿಗೆ ಹೆಚ್ಚು ಕಟ್ಟಿದ ತೆರಿಗೆ ಇನ್‌ಪುಟ್ ಜಮೆಯಾಗಿ ಖಾತೆಯಲ್ಲಿ ಉಳಿಯಿತು. ಅದನ್ನು ಮುಂದಿನ ಮಾರಾಟದ ತೆರಿಗೆಗೆ ಹೊಂದಿಸಿಕೊಳ್ಳಬಹುದು, ನಗದಾಗಿ ಮರಳಿ ಕೇಳಲಾಗದು. ಬಂಡವಾಳ ಕೆಲಕಾಲ ಕಟ್ಟಿಹಾಕಿದಂತಾಯಿತು, ಅಷ್ಟೆ. ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಪದ್ಧತಿಯ ಸಣ್ಣ ವರ್ತಕನಿಗೆ ಇನ್‌ಪುಟ್ ಜಮೆಯೇ ಇಲ್ಲ. ಅವನು ಹಳೆಯ ದರದಲ್ಲಿ ತಂದ ಒಂದೊಂದು ಟಿ.ವಿ.ಯ ಮೇಲೂ ಆ 3,000 ರೂಪಾಯಿ ನೇರ ನಷ್ಟ. ಕಂಪನಿಯೋ ವಿತರಕನೋ ತುಂಬಿಕೊಟ್ಟರಷ್ಟೇ ಅವನು ಪಾರಾದಾನು.

ಸೆಪ್ಟೆಂಬರ್ 22ಕ್ಕೆ ಮುಂಚೆ ಸಾಮಾನನ್ನೂ ಬಿಲ್ಲನ್ನೂ ಪಡೆದ ಗಿರಾಕಿ ತೆರಿಗೆಯ ವ್ಯತ್ಯಾಸ ಕೇಳಿದರೆ ಕೊಡಬೇಕಾದ ಹೊಣೆ ವರ್ತಕನಿಗಿಲ್ಲ. ಆ ವ್ಯವಹಾರಕ್ಕೆ ಹಳೆಯ ದರವೇ ಅನ್ವಯ. ಆ ತೆರಿಗೆ ಸರ್ಕಾರಕ್ಕೆ ಸಲ್ಲಬೇಕಾದದ್ದು. ಆದರೆ ಕಂಪನಿಯ ಅಥವಾ ಅಂಗಡಿಯ ಇಚ್ಛೆಯಿಂದ ಇಳಿದ ಬೆಲೆಯ ಮಾತು ಬೇರೆ. ಇವೆರಡನ್ನೂ ಬೇರೆಮಾಡಿ ಗಿರಾಕಿಗೆ ತಿಳಿಹೇಳುವ ಸಹನೆ ಎಲ್ಲ ಗಲ್ಲೆಗಳಲ್ಲಿಯೂ ಇರುವುದಿಲ್ಲ. ಬಿಲ್ಲಿನ ಮೇಲೆ ಮೊದಲೇ ಅಚ್ಚಾಗಿದ್ದರೆ ತಿಳಿಹೇಳುವ ಪ್ರಮೇಯವೇ ಬರದು.

ಅದಕ್ಕೆ ದೊಡ್ಡ ಕರಾರು ಬೇಕಿಲ್ಲ. ಕೊಂಡ ಏಳು ದಿನಗಳೊಳಗೆ ಇದೇ ಅಂಗಡಿ ಇದೇ ಮಾದರಿಯನ್ನು ಕಡಿಮೆ ಬೆಲೆಗೆ ಮಾರಿದರೆ ವ್ಯತ್ಯಾಸವನ್ನು ಮರಳಿಸಲಾಗುವುದು. ತೆರಿಗೆ ದರದ ಬದಲಾವಣೆಗೂ ಬೇರೆಯವರ ಬೆಲೆಗೂ ಇದು ಅನ್ವಯಿಸದು. ಇಷ್ಟು ಸಾಕು. ಅಮೆರಿಕದ ಬ್ಯಾಂಕುಗಳು ಜಗತ್ತಿನಲ್ಲಿ ಯಾರೋ ಇಳಿಸಿದ ಬೆಲೆಗೆ ತಾವು ಹೊಣೆಯಾಗಲು ಹೋಗಿದ್ದವು. ಇಲ್ಲಿ ವರ್ತಕನು ಹೊಣೆಯಾಗುವುದು ತಾನೇ ಬರೆದ ಬೆಲೆಗೆ. ವಾರದೊಳಗೆ ಬೆಲೆ ಇಳಿಸುವ ಮುನ್ನ ಎರಡು ಸಲ ಯೋಚಿಸುವಂತಾದರೆ ಅದೂ ಒಳ್ಳೆಯದೇ. ಕಾರ್ಡಿನಿಂದ ಹಣ ಕೊಟ್ಟವನಿಗೆ ವ್ಯತ್ಯಾಸವನ್ನು ಅದೇ ಕಾರ್ಡಿಗೆ ಮರಳಿಸತಕ್ಕದ್ದು, ಗಲ್ಲೆಯಿಂದ ನಗದು ತೆಗೆದುಕೊಡುವುದು ಸಲ್ಲದು. ಜಿ.ಎಸ್.ಟಿ. ಬಿಲ್ಲಾಗಿದ್ದರೆ ಕ್ರೆಡಿಟ್ ನೋಟಿನ ದಾಖಲೆ ಬೇಕು.

ಬೆಲೆ ಏರಿದಾಗ ಯಾವ ಗಿರಾಕಿಯೂ ಹೆಚ್ಚಿನ ಹಣ ತಂದುಕೊಡುವುದಿಲ್ಲ, ಇಳಿದಾಗ ಮಾತ್ರ ಏಕೆ ಕೊಡಬೇಕು ಎಂಬ ಆಕ್ಷೇಪ ಎದ್ದೇ ಏಳುತ್ತದೆ. ಏರಿದಾಗ ಹಳೆಯ ದಾಸ್ತಾನಿನ ಲಾಭ ವರ್ತಕನಿಗೇ ಉಳಿಯುತ್ತದೆ ಎಂಬುದು ಅದಕ್ಕೆ ಉತ್ತರ. ಆ ಲಾಭ ಮೊಬೈಲಿನಲ್ಲಿ ಅಪರೂಪ ಎಂಬುದು ನಿಜ. ಹಾಗೆಂದೇ ಅವಧಿ ಏಳು ದಿನ, ಅರವತ್ತಲ್ಲ.

ಗಿರಾಕಿಗೆ ಕೊಡುವ ಮಾತನ್ನು ವರ್ತಕನು ಮೇಲಿನವರಿಂದಲೂ ಪಡೆಯಬೇಕು. ಸಗಟು ಖರೀದಿಯ ಬೇಡಿಕೆ ಪತ್ರದಲ್ಲಿಯೇ ಬೆಲೆ ಇಳಿದರೆ ಎಷ್ಟು ದಿನಗಳ ದಾಸ್ತಾನಿಗೆ, ಯಾವ ಅವಧಿಯೊಳಗೆ ವ್ಯತ್ಯಾಸ ಜಮೆಯಾಗುವುದೆಂದು ಬರೆಸಿಕೊಳ್ಳುವುದು ಕ್ಷೇಮ. ಬಾಯಿಮಾತಿನ ಭರವಸೆ ವಿತರಕನ ಮಾರಾಟ ಪ್ರತಿನಿಧಿಗೆ ವರ್ಗವಾದೊಡನೆ ಅವನೊಂದಿಗೇ ಹೊರಟುಹೋಗುತ್ತದೆ. ತೆರಿಗೆಯ ದೃಷ್ಟಿಯಿಂದಲೂ ಲಿಖಿತ ಕರಾರಿಗೆ ಬೆಲೆಯಿದೆ. ಮಾರಾಟದ ನಂತರದ ರಿಯಾಯಿತಿಯನ್ನು ತೆರಿಗೆಯ ಮೌಲ್ಯದಿಂದ ಕಳೆಯಬೇಕಾದರೆ ಅದು ಮೊದಲೇ ಆದ ಒಪ್ಪಂದದಲ್ಲಿರಬೇಕೆಂದು 2017ರಲ್ಲಿ ಜಾರಿಗೆ ಬಂದ ಕಾಯಿದೆ ಷರತ್ತು ಹಾಕಿತ್ತು. ಅದನ್ನು ಕೈಬಿಡಲು ಮಂಡಳಿ 2025ರ ಸೆಪ್ಟೆಂಬರ್ 3ರ ಸಭೆಯಲ್ಲಿಯೇ ಶಿಫಾರಸು ಮಾಡಿತು. ತೆರಿಗೆಯನ್ನು ಮುಟ್ಟದ ಬರಿಯ ವ್ಯಾಪಾರಿ ಕ್ರೆಡಿಟ್ ನೋಟು ಬಂದರೆ ಪಡೆದವನು ಇನ್‌ಪುಟ್ ಜಮೆಯನ್ನು ಹಿಂತಿರುಗಿಸಬೇಕಾಗಿಲ್ಲವೆಂದು ಅದೇ ತಿಂಗಳ 12ರಂದು ಹೊರಟ ಸುತ್ತೋಲೆ ಸ್ಪಷ್ಟಪಡಿಸಿತು. ‘ತೆರಿಗೆಯ ತೊಡಕಿದೆ’ ಎಂದು ಕ್ರೆಡಿಟ್ ನೋಟನ್ನು ತಡೆಹಿಡಿಯುವ ವಿತರಕರ ಮುಂದೆ ಈ ಸುತ್ತೋಲೆಯನ್ನು ಇಡಬಹುದು.

ಹತ್ತು ನಗ ಕೊಳ್ಳುವ ಒಬ್ಬನು ಇಂಥ ಕರಾರು ಕೇಳಿದರೆ ಸಗಟು ವ್ಯಾಪಾರಿ ನಕ್ಕು ಬಿಟ್ಟಾನು. ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ವರ್ತಕರು ಒಟ್ಟಾಗಿ, ಉಪವಿತರಕರ ಕೆಳಗಿನ ಅಂಗಡಿಗಳ ದಾಸ್ತಾನೂ ಕಂಪನಿಯ ಲೆಕ್ಕಕ್ಕೆ ಸೇರಬೇಕೆಂದು ವಾಣಿಜ್ಯ ಸಂಸ್ಥೆಗಳ ಮೂಲಕ ಬರೆದು ಕೇಳಿದರೆ ನಗುವುದು ಅಷ್ಟು ಸುಲಭವಲ್ಲ. ಕೇಳುವುದಾದರೆ ದೀಪಾವಳಿಯ ಸರಕಿಗೆ ಮುಂಗಡ ಕೊಡುವ ಮೊದಲೇ ಕೇಳಬೇಕು. ಮುಂಗಡ ಕೈಬಿಟ್ಟ ಮೇಲೆ ವರ್ತಕನೂ ರೊಕ್ಕ ಎಣಿಸಿಕೊಟ್ಟ ಗಿರಾಕಿಯ ಸಾಲಿನಲ್ಲಿಯೇ ನಿಲ್ಲಬೇಕಾಗುತ್ತದೆ.