ಮನೆಯ ಕಾರಿಗೆ ಇಂಪ್ಯಾಕ್ಟ್ ರೆಂಚ್: ಕೊಳ್ಳುವವರಿಗೂ ಮಾರುವವರಿಗೂ ಒಂದು ಲೆಕ್ಕ

ತೆರಿಗೆ, ಲೆಕ್ಕಪರಿಶೋಧನೆ, ವಾರ್ಷಿಕ ವಿವರಣೆ ಪಟ್ಟಿಗಳ ಬಗ್ಗೆ ಬರೆಯುವುದೇ ನನ್ನ ವಾಡಿಕೆ. ಈ ಬಾರಿ ಚಕ್ರದ ನಟ್ ಬಿಚ್ಚುವ ಉಪಕರಣವೊಂದರ ಬಗ್ಗೆ ಬರೆಯಹೊರಟಿರುವುದನ್ನು ಕಂಡು ಓದುಗ ಮಿತ್ರರು ಅಚ್ಚರಿಪಡಬಹುದು. ಆದರೆ ಇದೂ ಖರೀದಿ, ಬಿಲ್ಲು, ಹೊಣೆಗಾರಿಕೆಗಳ ವಿಷಯವೇ ಆಗಿದೆ. ನಮ್ಮ ಸಂಸ್ಥೆಯ ಸದಸ್ಯರಲ್ಲಿ ಯಂತ್ರೋಪಕರಣ, ಟೈರು, ವಾಹನಗಳ ಬಿಡಿಭಾಗ ಮಾರುವವರು ಇದ್ದೇ ಇರುತ್ತಾರೆ. ಆದ್ದರಿಂದ ಈ ಪುಟಗಳಲ್ಲಿ ಇದನ್ನು ಚರ್ಚಿಸುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇನೆ.

ಹಿಂದೆ ಹೊನ್ನಾಳಿ ತಾಲ್ಲೂಕಿನಲ್ಲಿದ್ದು ಈಗ ನ್ಯಾಮತಿ ತಾಲ್ಲೂಕಿಗೆ ಸೇರಿರುವ ಸೂರಗೊಂಡನಕೊಪ್ಪ, ಬಂಜಾರ ಸಮುದಾಯದ ಆರಾಧ್ಯರಾದ ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿವರ್ಷ ಫೆಬ್ರವರಿ ಮಧ್ಯಭಾಗದಲ್ಲಿ ನಡೆಯುವ ಜಯಂತಿಗೆ ರಾಜ್ಯದ ನಾನಾ ಜಿಲ್ಲೆಗಳಿಂದಲೂ ನೆರೆಯ ರಾಜ್ಯಗಳಿಂದಲೂ ಭಕ್ತರು ಬರುತ್ತಾರೆ. ಮಾಲಾಧಾರಿಗಳು ಕಾಲ್ನಡಿಗೆಯಲ್ಲಿ ಬಂದರೆ, ಉಳಿದವರು ಕಾರು, ಟೆಂಪೊ, ಟ್ರ್ಯಾಕ್ಟರುಗಳಲ್ಲಿ ಬರುತ್ತಾರೆ. ಕೆಲವು ವರ್ಷಗಳ ಹಿಂದೆ ಕಕ್ಷಿದಾರರೊಬ್ಬರ ಆಹ್ವಾನದ ಮೇರೆಗೆ ನಾನೂ ಪತ್ನಿ ಮತ್ತು ವೃದ್ಧ ತಾಯಿಯವರೊಂದಿಗೆ ಹೋಗಿದ್ದೆ. ಮರಳುವಾಗ ಹೊನ್ನಾಳಿ ತಲುಪುವ ಮೊದಲೇ ಕತ್ತಲಲ್ಲಿ ಕಾರಿನ ಹಿಂಚಕ್ರ ಪಂಚರಾಯಿತು. ಸ್ಟೆಪ್ನಿ ಇತ್ತು, ಜಾಕ್ ಇತ್ತು, ಪಾನವೂ ಇತ್ತು. ಮೂರು ನಟ್‌ಗಳು ಹೇಗೋ ಸಡಿಲಗೊಂಡವು. ನಾಲ್ಕನೆಯದು ಮಾತ್ರ, 1 ಅಡಿ ಉದ್ದದ ಆ ಪಾನದ ಮೇಲೆ ನಾನು ಹತ್ತಿ ನಿಂತರೂ ಅಲುಗಲಿಲ್ಲ. ಎರಡು ವಾರಗಳ ಹಿಂದಷ್ಟೇ ಟೈರು ಬದಲಿಸಿದ್ದ ಅಂಗಡಿಯೊಂದರಲ್ಲಿ ಗಾಳಿಯ ಗನ್ನಿನಿಂದ ಅದನ್ನು ಬಿಗಿದಿದ್ದರು.

ಜಾತ್ರೆಯಿಂದ ಭಕ್ತರನ್ನು ಕರೆದೊಯ್ಯುತ್ತಿದ್ದ ಟೆಂಪೊದ ಚಾಲಕರೊಬ್ಬರು ನಮ್ಮನ್ನು ಕಂಡು ನಿಲ್ಲಿಸಿದರು. ವಯಸ್ಸಾದ ಯಜಮಾನರು. ಮೂರಡಿಯ ಕಬ್ಬಿಣದ ಪೈಪೊಂದನ್ನು ತಂದು ಪಾನದ ಹಿಡಿಗೆ ತೊಡಿಸಿ ಒಮ್ಮೆ ಒತ್ತಿದರು. ನಟ್ ಚಟ್ಟೆಂದು ಬಿಟ್ಟಿತು. “ಗನ್ನಲ್ಲೇ ಕುಟ್ಟಿ ಬಿಗಿ ಮಾಡಿದಾರೆ ಸಾಹೇಬ್ರೆ. ಬಿಚ್ಚೋಕೆ ಗನ್ ಇರ್ಲಿ, ಬಿಗಿ ಮಾಡೋಕೆ ಮಾತ್ರ ಕೈಯೇ ಬೇಕು” ಎಂದರು. ಅವರ ಈ ಮಾತನ್ನು ನಾನು ಆಗ ಅರ್ಥಮಾಡಿಕೊಳ್ಳಲಿಲ್ಲ. ಮುಂದಿನ ವಾರವೇ ಅಂಗಡಿಗೆ ಹೋಗಿ, ಪೆಟ್ಟಿಗೆಯ ಮೇಲೆ ಅತ್ಯಂತ ದೊಡ್ಡ ಅಂಕಿ ಮುದ್ರಿಸಿದ್ದ, ಆದರೆ ಅತ್ಯಂತ ಅಗ್ಗದ ಇಂಪ್ಯಾಕ್ಟ್ ರೆಂಚ್ ಒಂದನ್ನು ಕೊಂಡು ತಂದೆ.

ಅಂಕಿಯ ಅರ್ಥ

ಇಂಪ್ಯಾಕ್ಟ್ ರೆಂಚ್ ಎಂದರೆ ಒಳಗಿನ ಸುತ್ತಿಗೆಯೊಂದು ತಿರುಗುತ್ತ ತಿರುಗುತ್ತ ಹೊಡೆತ ಕೊಟ್ಟು ನಟ್ಟನ್ನು ತಿರುಗಿಸುವ ಯಂತ್ರ. ಹೊಡೆತಗಳು ಬಿಟ್ಟುಬಿಟ್ಟು ಬೀಳುವುದರಿಂದ ಹಿಡಿದ ಕೈಗೆ ಹೆಚ್ಚಿನ ಶ್ರಮವಾಗದು. ಅದರ ಶಕ್ತಿಯನ್ನು ಟಾರ್ಕ್, ಅಂದರೆ ತಿರುಗಿಸುವ ಬಲದಲ್ಲಿ ಅಳೆಯುತ್ತಾರೆ. ಅದರ ಮಾನ ನ್ಯೂಟನ್ ಮೀಟರ್. 1 ಮೀಟರ್ ಉದ್ದದ ಪಾನವನ್ನು ಅಡ್ಡಲಾಗಿ ಹಿಡಿದು ಅದರ ತುದಿಗೆ 10 ಕಿಲೋ ತೂಕ ತೂಗುಹಾಕಿದರೆ ನಟ್ಟಿನ ಮೇಲೆ ಸುಮಾರು 98 ನ್ಯೂಟನ್ ಮೀಟರ್ ಬಲ ಬೀಳುತ್ತದೆ. ನಮ್ಮಲ್ಲಿ ಓಡಾಡುವ ಬಹುಪಾಲು ಸಣ್ಣ ಮತ್ತು ಮಧ್ಯಮ ಕಾರುಗಳ ಚಕ್ರದ ನಟ್‌ಗಳಿಗೆ ಬೇಕಾದುದು ಸುಮಾರು 85ರಿಂದ 130 ನ್ಯೂಟನ್ ಮೀಟರ್ ಮಾತ್ರ. ನಿಖರವಾದ ಪ್ರಮಾಣ ಕಾರಿನ ಕೈಪಿಡಿಯಲ್ಲಿ ಇರುತ್ತದೆ.

ಅಂದು ರಾತ್ರಿ 1 ಅಡಿಯ ಪಾನದ ಮೇಲೆ ನನ್ನ 70 ಕಿಲೋ ತೂಕ ಬಿದ್ದಾಗ ಉಂಟಾದ ಬಲ ಸುಮಾರು 200 ನ್ಯೂಟನ್ ಮೀಟರ್. ಅದಕ್ಕೂ ಜಗ್ಗದ ನಟ್ ಇರಬೇಕಾದುದರ ಹತ್ತಿರಹತ್ತಿರ ಇಮ್ಮಡಿ ಬಿಗಿಯಾಗಿತ್ತೆಂದು ಆಮೇಲೆ ಲೆಕ್ಕ ಹಾಕಿದೆ. ಅತಿಯಾಗಿ ಬಿಗಿದರೆ ಸ್ಟಡ್ ಹಿಗ್ಗುತ್ತದೆ, ಮರೆ ಸವೆಯುತ್ತದೆ, ಬ್ರೇಕಿನ ಡಿಸ್ಕ್ ಸೊಟ್ಟಗಾಗಿ ಬ್ರೇಕ್ ಒತ್ತಿದಾಗ ಅದುರುವುದೂ ಉಂಟು. ಸಡಿಲವಾಗಿದ್ದರೆ ಚಕ್ರವೇ ಕಳಚಬಹುದು. ಎರಡೂ ಕಡೆ ಅಪಾಯವಿದ್ದು, ಪಣಕ್ಕಿರುವುದು ಕಾರಿನೊಳಗೆ ಕುಳಿತವರ ಜೀವ.

ಹಾಗಾದರೆ ಪೆಟ್ಟಿಗೆಯ ಮೇಲಿನ 800, 1000 ಎಂಬ ಅಂಕಿಗಳ ಅರ್ಥವೇನು? ಅನೇಕ ಸಂದರ್ಭಗಳಲ್ಲಿ ಅದು ಬಿಚ್ಚುವಾಗ ದೊರೆಯುವ ಗರಿಷ್ಠ ಬಲ. ಬಿಗಿಯುವಾಗಿನ ಬಲ ಅದಕ್ಕಿಂತ ಕಡಿಮೆ ಇರುತ್ತದೆ. ಒಟ್ಟು ವಹಿವಾಟನ್ನು ತೋರಿಸಿ ಅದೇ ನಿವ್ವಳ ಲಾಭವೆಂದರೆ ನಾವು ಒಪ್ಪುತ್ತೇವೆಯೇ? ಒಳ್ಳೆಯ ಕಂಪನಿಗಳು ಎರಡು ಅಂಕಿಗಳನ್ನೂ ಪ್ರತ್ಯೇಕವಾಗಿ ಕೊಡುತ್ತವೆ. ಒಂದೇ ಅಂಕಿ ಇದ್ದರೆ ಅದು ಯಾವುದೆಂದು ಕೇಳಬೇಕು. ಮನೆಯ ಕಾರಿಗೆ ಅರ್ಧ ಇಂಚಿನ ಚೌಕ ತುದಿಯ, 300ರಿಂದ 400 ನ್ಯೂಟನ್ ಮೀಟರಿನ, ವೇಗವನ್ನು ಎರಡು ಮೂರು ಹಂತಗಳಲ್ಲಿ ಬದಲಿಸಬಹುದಾದ ಯಂತ್ರ ಧಾರಾಳವಾಗಿ ಸಾಕು. 1000ದ ಯಂತ್ರ ಲಾರಿಯವರ ಕೆಲಸಕ್ಕಿರಲಿ.

ವೋಲ್ಟ್ ವಿಷಯದಲ್ಲೂ ಇದೇ ಗೊಂದಲ. ‘18 ವೋಲ್ಟ್’ ಮತ್ತು ‘20 ವೋಲ್ಟ್ ಗರಿಷ್ಠ’ ಎಂದು ಮಾರುವ ಬ್ಯಾಟರಿಗಳೆರಡೂ ಒಂದೇ. 5 ಲಿಥಿಯಂ ಕೋಶಗಳ ಸಾಲಿಗೆ ಸಾಮಾನ್ಯ ಸ್ಥಿತಿಯಲ್ಲಿ ತಲಾ 3.6ರಂತೆ 18, ಚಾರ್ಜ್ ಮುಗಿದೊಡನೆ ತಲಾ 4ರಂತೆ 20 ಬರುತ್ತದೆ. ಒಂದೇ ಆಸ್ತಿಗೆ ಎರಡು ಮೌಲ್ಯಮಾಪನ ಅಷ್ಟೆ. ಆದರೆ ಹೆಸರಿಲ್ಲದ ಪೆಟ್ಟಿಗೆಗಳ ಮೇಲೆ 88, 388 ಎಂಬ ಅಂಕಿಗಳ ಮುಂದೆ ವೋಲ್ಟಿನ ಅಕ್ಷರ ಬರೆದಿರುವುದನ್ನು ಕಾಣುತ್ತೇವೆ. 388 ವೋಲ್ಟ್ ಬರಬೇಕಾದರೆ 100ಕ್ಕೂ ಹೆಚ್ಚು ಕೋಶಗಳನ್ನು ಸಾಲಾಗಿ ಜೋಡಿಸಬೇಕು. ಅಂಗೈಯಗಲದ ಬ್ಯಾಟರಿಯಲ್ಲಿ ಅದು ಸಾಧ್ಯವಿಲ್ಲವೆಂದು ತಿಳಿಯಲು ಇಂಜಿನಿಯರ್ ಆಗಬೇಕಾಗಿಲ್ಲ.

ಗಾಳಿಯೋ, ತಂತಿಯೋ, ಬ್ಯಾಟರಿಯೋ?

ಗಾಳಿಯ ಗನ್ ಅಗ್ಗವೂ ಹೌದು, ಬಾಳಿಕೆಯದೂ ಹೌದು. ಆದರೆ ಅದಕ್ಕೆ ಸುಮಾರು 90 ಪಿಎಸ್‌ಐ ಒತ್ತಡದ ಗಾಳಿ ನಿರಂತರವಾಗಿ ಬೇಕು. ಕಾರಿನೊಳಗಿಟ್ಟುಕೊಳ್ಳುವ ಪುಟ್ಟ ಗಾಳಿ ಪಂಪಿನಿಂದ ಅದು ನಡೆಯದು. ದೊಡ್ಡ ಟ್ಯಾಂಕಿನ ಕಂಪ್ರೆಸರನ್ನೇ ಕೊಳ್ಳಬೇಕು. ತಂತಿಯ ಯಂತ್ರಕ್ಕೆ ಬ್ಯಾಟರಿ ಸಾಯುವ ಭಯವಿಲ್ಲ. ಶೆಡ್ಡಿನಲ್ಲೇ ಕೆಲಸ ಮಾಡುವವರಿಗೆ ಅದು ಮಿತವ್ಯಯದ ಆಯ್ಕೆ. ಆದರೆ ನಡುರಸ್ತೆಯಲ್ಲಿ ಅದರಿಂದ ಉಪಯೋಗವಿಲ್ಲ. ಬ್ಯಾಟರಿಯ ಯಂತ್ರ ಎಲ್ಲ ಕಡೆಗೂ ಒದಗುತ್ತದೆ. ಅದನ್ನು ಕೊಳ್ಳುವವರು ಬ್ರಷ್‌ಲೆಸ್ ಮೋಟಾರಿನದನ್ನೇ ಆರಿಸುವುದು ಲೇಸು. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದರ ಯಂತ್ರಕ್ಕೆ ಕೂರುವುದಿಲ್ಲ. ತೋಟದ ಕೆಲಸಕ್ಕೋ ಮನೆಗೋ ಬ್ಯಾಟರಿಯ ಡ್ರಿಲ್ ಆಗಲೇ ಇದ್ದರೆ ಅದೇ ಕಂಪನಿಯ ರೆಂಚನ್ನು ಬ್ಯಾಟರಿಯಿಲ್ಲದೆ ಕೊಂಡು ಹಣ ಉಳಿಸಬಹುದು. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯೊಳಗೆ ಬ್ಯಾಟರಿಯನ್ನು ಬಿಟ್ಟರೆ ಅದರ ಆಯುಸ್ಸು ಕುಗ್ಗುತ್ತದೆ. ಆದ್ದರಿಂದ ಯಾವ ಗನ್ ಇದ್ದರೂ ಡಿಕ್ಕಿಯಲ್ಲಿ ಎರಡಡಿಯ ಗಟ್ಟಿ ಹಿಡಿಕೆಯೊಂದು ಇರಲೇಬೇಕು.

ಜೊತೆಗೆ ಕೊಳ್ಳಬೇಕಾದ ಎರಡು ವಸ್ತುಗಳನ್ನು ನಮ್ಮ ಅಂಗಡಿಗಳಲ್ಲಿ ಬಹುಮಟ್ಟಿಗೆ ಯಾರೂ ಹೇಳುವುದಿಲ್ಲ. ಮೊದಲನೆಯದು ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್. ಕೈಯಿಂದ ತಿರುಗಿಸಲೆಂದು ಮಾಡಿದ ಹೊಳಪಿನ ಸಾಕೆಟ್ ಗನ್ನಿನ ಹೊಡೆತಕ್ಕೆ ಸೀಳಿ ಚೂರು ಸಿಡಿಯಬಹುದು. ಎರಡನೆಯದು ಟಾರ್ಕ್ ರೆಂಚ್. ನಿಗದಿಪಡಿಸಿದ ಬಲ ಮುಟ್ಟಿದೊಡನೆ ಟಿಕ್ಕೆಂದು ತಿಳಿಸುವ ಕೈಪಾನ ಅದು. ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ತುಸು ಸಡಿಲಿಸಿ, ಜಾಕ್ ಏರಿಸಿ, ಗನ್ನಿನಿಂದ ಬಿಚ್ಚಬಹುದು. ಕೂರಿಸುವಾಗ ಬೆರಳಿನಿಂದಲೇ ಮರೆ ಹಿಡಿಸಿ, ಎದುರುಬದುರಾಗಿ ಬಿಗಿದು, ಕಾರನ್ನು ಇಳಿಸಿದ ಮೇಲೆ ಟಾರ್ಕ್ ರೆಂಚಿನಿಂದ ಮುಗಿಸಬೇಕು. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು. ಇಂಜಿನ್ ಆಯಿಲ್ ಬಿಡುವ ಬೋಲ್ಟಿಗೂ ಸ್ಪಾರ್ಕ್ ಪ್ಲಗ್ಗಿಗೂ ಗನ್ ಮುಟ್ಟಿಸಲೇಬಾರದು. ಟೆಂಪೊದ ಯಜಮಾನರು ಹೇಳಿದ್ದರ ಸಾರವೂ ಇದೇ ಎಂದು ತಡವಾಗಿ ನನಗೆ ಹೊಳೆಯಿತು.

ಖರ್ಚಿನ ಲೆಕ್ಕ

12,000 ರೂಪಾಯಿಯ ಯಂತ್ರವೆಂದಿಟ್ಟುಕೊಳ್ಳೋಣ. ಅದರಲ್ಲಿ 18% ದರದ ಜಿಎಸ್‌ಟಿಯೇ ಸುಮಾರು 1,830 ರೂಪಾಯಿ. ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತವಾದ ಗ್ಯಾರೇಜಿನವರು ಅದನ್ನು ಹೂಡುವಳಿ ತೆರಿಗೆಯಾಗಿ ಹಿಂಪಡೆಯಬಹುದು. ಉಳಿದ ಮೊತ್ತದ ಮೇಲೆ ಆದಾಯ ತೆರಿಗೆಯಲ್ಲಿ ಸವಕಳಿಯನ್ನೂ ಪಡೆಯಬಹುದು. ಮನೆಬಳಕೆಯವರಿಗೆ ಈ ಎರಡೂ ಇಲ್ಲ. ಯಂತ್ರ 6 ವರ್ಷ ಬಾಳುತ್ತದೆಂದು ಭಾವಿಸಿದರೆ, ವರ್ಷಕ್ಕೆ 4 ಬಾರಿ ಚಕ್ರ ಬಿಚ್ಚುವ ಒಂದು ಕಾರಿನ ಮನೆಗೆ ಪ್ರತಿ ಬಾರಿಗೆ ಬೀಳುವ ವೆಚ್ಚ 500 ರೂಪಾಯಿ. ಚನ್ನಗಿರಿಯ ಅಡಕೆ ತೋಟದ ಅವಿಭಕ್ತ ಕುಟುಂಬದಲ್ಲಿ ಎರಡು ಕಾರು, ಒಂದು ಪಿಕಪ್ ಇದ್ದು ವರ್ಷಕ್ಕೆ 40 ಬಾರಿ ಬಳಸಿದರೆ ಅದೇ ವೆಚ್ಚ 50 ರೂಪಾಯಿಗೆ ಇಳಿಯುತ್ತದೆ. ಆದುದರಿಂದ ಒಂದೇ ಕಾರಿರುವವರು ಮೊದಲು ಉದ್ದ ಹಿಡಿಕೆ ಮತ್ತು ಟಾರ್ಕ್ ರೆಂಚ್ ಕೊಳ್ಳಲಿ. ಬ್ರೇಕ್, ಸಸ್ಪೆನ್ಷನ್ ಕೆಲಸಗಳನ್ನೂ ಸ್ವತಃ ಮಾಡಿಕೊಳ್ಳುವ ಆಸಕ್ತಿಯಿದ್ದರೆ ಆಮೇಲೆ ಗನ್ನಿನ ಯೋಚನೆ ಮಾಡಲಿ ಎಂಬುದು ನನ್ನ ಅಭಿಪ್ರಾಯ.

ವ್ಯಾಪಾರಿ ಮಿತ್ರರಲ್ಲಿ ವಿನಂತಿ

ನನ್ನ ಅಗ್ಗದ ಯಂತ್ರದ ಕಥೆ ನಾಲ್ಕನೆಯ ತಿಂಗಳಿಗೇ ಮುಗಿಯಿತು. ಬ್ಯಾಟರಿ ಚಾರ್ಜ್ ಹಿಡಿಯದಾಯಿತು. ಅಂಗಡಿಗೆ ಒಯ್ದಾಗ ಅವರು ಬಿಲ್ ಕೇಳಿದರು. ದಿನಬೆಳಗಾದರೆ ಕಕ್ಷಿದಾರರಿಗೆ ಬಿಲ್ಲಿನ ಮಹತ್ವ ಬೋಧಿಸುವ ನಾನು ಅಂದು ಬಿಲ್ ಪಡೆದಿರಲಿಲ್ಲ! ತಯಾರಕರು ಯಾರೆಂದು ಕೇಳಿದರೆ, “ನಮಗೂ ಗೊತ್ತಿಲ್ಲ ಸಾರ್” ಎಂಬ ಉತ್ತರ ಬಂತು. ತಪ್ಪಿನಲ್ಲಿ ಅರ್ಧ ಪಾಲು ನನ್ನದೇ ಆದ್ದರಿಂದ ಮರುಮಾತಾಡದೆ ಬಂದೆ.

ಆದರೆ ಆ ಉತ್ತರ ವ್ಯಾಪಾರಿಗೇ ಎಷ್ಟು ಅಪಾಯಕಾರಿ ಎಂಬುದನ್ನು ಸದಸ್ಯರು ಗಮನಿಸಬೇಕು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೇ ಕಲಮಿನ ಪ್ರಕಾರ, ತಯಾರಕರ ಗುರುತೇ ತಿಳಿಯದ ವಸ್ತುವಿನ ದೋಷದಿಂದ ಬಳಕೆದಾರರಿಗೆ ಹಾನಿಯಾದರೆ ಮಾರಿದವರೇ ಹೊಣೆಗಾರರಾಗಬಹುದು. ಸೀಳಿದ ಸಾಕೆಟ್ಟಿನ ಚೂರು ಯಾರದೋ ಕಣ್ಣಿಗೆ ಬಿದ್ದ ದಿನ, ಆ ಮಾರಾಟದಲ್ಲಿ ಬಂದ ನಾಲ್ಕು ನೂರು ರೂಪಾಯಿ ಲಾಭ ಯಾವ ಲೆಕ್ಕಕ್ಕೂ ಬಾರದು. ಕಾನೂನು ಮಾಪನಶಾಸ್ತ್ರದ 2011ರ ಪೊಟ್ಟಣ ನಿಯಮಗಳಂತೆ ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ಗರಿಷ್ಠ ಮಾರಾಟ ಬೆಲೆ, ದೂರು ಸಲ್ಲಿಸುವ ಸಂಪರ್ಕ ಪೆಟ್ಟಿಗೆಯ ಮೇಲಿರಬೇಕು. ಅವಿಲ್ಲದ ಸರಕನ್ನು ಸಗಟು ವ್ಯಾಪಾರಿಯಿಂದ ಕೊಳ್ಳುವಾಗಲೇ ನಿರಾಕರಿಸುವುದು ಕ್ಷೇಮ. ಜಿಎಸ್‌ಟಿಯಲ್ಲಿ ನೋಂದಾಯಿತರಾದವರು 200 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮಾರಾಟಕ್ಕೆ, ಗ್ರಾಹಕ ಕೇಳದಿದ್ದರೂ ಬಿಲ್ ಕೊಡಲೇಬೇಕೆಂಬುದನ್ನು ಮತ್ತೆ ನೆನಪಿಸುತ್ತೇನೆ.

ಟೈರು ಅಂಗಡಿ ನಡೆಸುವವರಲ್ಲೂ ಒಂದು ಕೋರಿಕೆ. ಒಂದು ಟಾರ್ಕ್ ರೆಂಚ್ ಇಟ್ಟುಕೊಂಡು, ಗ್ರಾಹಕನ ಕಣ್ಣೆದುರೇ ಕೈಪಿಡಿಯ ಪ್ರಮಾಣಕ್ಕೆ ಬಿಗಿದು ಕಳುಹಿಸಿರಿ. ಒಂದು ಕಾರಿಗೆ ಹಿಡಿಯುವುದು ಐದು ನಿಮಿಷ. ಗ್ರಾಹಕನ ನಂಬಿಕೆ ಗಳಿಸಲು ಅದಕ್ಕಿಂತ ಅಗ್ಗದ ಜಾಹೀರಾತು ನನಗೆ ತಿಳಿದಿಲ್ಲ. ಪ್ರತಿವರ್ಷ ಜನವರಿಯಲ್ಲಿ, ಸೂರಗೊಂಡನಕೊಪ್ಪದ ಜಾತ್ರೆಗೆ ವಾಹನಗಳು ಹೊರಡುವ ಮೊದಲು, ನ್ಯಾಮತಿ ಮತ್ತು ಹೊನ್ನಾಳಿಯ ಟೈರು, ಪಂಚರ್ ಅಂಗಡಿಯವರಿಗೆ ಅರ್ಧ ದಿನದ ತರಬೇತಿಯನ್ನು ನಮ್ಮಂಥ ಸಂಸ್ಥೆಗಳು ಏರ್ಪಡಿಸಿದರೆ ಅದು ವ್ಯಾಪಾರಕ್ಕೂ ಜನರಿಗೂ ಹಿತವಾದೀತು.

ಬಂಡಿಯಲ್ಲಿ ಜಾತ್ರೆಗೆ ಹೊರಡುತ್ತಿದ್ದ ನಮ್ಮ ಹಿರಿಯರು ಎತ್ತು ಕಟ್ಟುವ ಮೊದಲು ಕೀಲೆಣ್ಣೆ ಹಾಕಿ, ಕಡಾಣಿ ಸರಿಯಾಗಿದೆಯೇ ಎಂದು ತಾವೇ ಮುಟ್ಟಿ ನೋಡುತ್ತಿದ್ದರು. ಈಗ ಪ್ರತಿ ಪ್ರಯಾಣಕ್ಕೆ ಮುನ್ನ ನಾನೂ ನಾಲ್ಕು ಚಕ್ರಗಳಿಗೂ ಟಾರ್ಕ್ ರೆಂಚ್ ಹಿಡಿಯುತ್ತೇನೆ. ಅಗ್ಗದ ಗನ್ ಅಟ್ಟದ ಮೇಲಿದೆ. ಅದರ ಬದಲಿಗೆ ಇನ್ನೊಂದನ್ನು ಕೊಳ್ಳುವ ಅಗತ್ಯ ನನಗೆ ಇದುವರೆಗೆ ಬಂದಿಲ್ಲ.