ಎರಡು ಸೆಕೆಂಡಿಗೂ ಮೊದಲು

2016ರ ಏಪ್ರಿಲ್ 28. ಅಮೆರಿಕದ ಹೂಸ್ಟನ್ ಬಳಿಯ ಹೆದ್ದಾರಿಯಲ್ಲಿ ಪೊಲೀಸ್ ಅಧಿಕಾರಿ ರಾಬರ್ಟೊ ಫೆಲಿಕ್ಸ್ ಒಂದು ಬಾಡಿಗೆ ಕಾರನ್ನು ತಡೆದರು. ಕಾರಣ, ಆ ನಂಬರಿನ ಮೇಲಿದ್ದ ಟೋಲ್ ಬಾಕಿ. ಸ್ಟಿಯರಿಂಗ್ ಹಿಡಿದಿದ್ದವನು 24 ವರ್ಷದ ಆಷ್ಟಿಯನ್ ಬಾರ್ನ್ಸ್. ಕೇಳಿದಾಗ, ಕಾಗದಪತ್ರ ಡಿಕ್ಕಿಯಲ್ಲಿರಬಹುದು ಎಂದ. ಇಳಿಯಲು ಹೇಳಿದಾಗ ಬಾಗಿಲು ತೆರೆದನೇ ಹೊರತು ಇಳಿಯಲಿಲ್ಲ. ಕಾರು ಸ್ಟಾರ್ಟ್ ಮಾಡಿದ. ಕಾರು ಮುಂದಕ್ಕೆ ಉರುಳಿದ್ದೇ ತಡ, ಫೆಲಿಕ್ಸ್ ತೆರೆದ ಬಾಗಿಲಿನ ಅಂಚಿಗೆ ಜಿಗಿದು ನಿಂತು ಒಳಕ್ಕೆ ಎರಡು ಗುಂಡು ಹಾರಿಸಿದರು. ಕಾಲಿಟ್ಟದ್ದಕ್ಕೂ ಮೊದಲ ಗುಂಡಿಗೂ ನಡುವೆ ಎರಡೇ ಸೆಕೆಂಡು. ಗುಂಡು ತಗುಲಿದ ಮೇಲೂ ಬಾರ್ನ್ಸ್ ಹೇಗೋ ಕಾರು ನಿಲ್ಲಿಸಿದ. ಸಹಾಯಕ್ಕೆ ಬೇರೆ ಪೊಲೀಸರು ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಪ್ರಕರಣ ಕೋರ್ಟಿಗೆ ಹೋದಾಗ ಕೆಳ ನ್ಯಾಯಾಲಯಗಳು ಆ ಎರಡು ಸೆಕೆಂಡನ್ನಷ್ಟೇ ತೂಗಿದವು. ಚಲಿಸುವ ಕಾರಿಗೆ ಜೋತುಬಿದ್ದವನಿಗೆ ಜೀವಭಯ ಸಹಜ, ಹಾಗಾಗಿ ಗುಂಡು ಹಾರಿಸಿದ್ದು ಸರಿ ಎಂದವು. ಈ ಅಳತೆಗೋಲನ್ನು ಅಮೆರಿಕದ ಸುಪ್ರೀಂ ಕೋರ್ಟ್ 2025ರ ಮೇ 15ರಂದು ಸರ್ವಾನುಮತದಿಂದ ತಳ್ಳಿಹಾಕಿತು. ಗುಂಡಿಗೆ ಮುನ್ನ ನಡೆದದ್ದನ್ನೂ ಸೇರಿಸಿ ಇಡೀ ಸಂದರ್ಭವನ್ನು ನೋಡಬೇಕು ಎಂದು ನ್ಯಾಯಮೂರ್ತಿ ಎಲೆನಾ ಕೇಗನ್ ತೀರ್ಪು ಬರೆದರು. ಆದರೆ ಫೆಲಿಕ್ಸ್ ಮಾಡಿದ್ದು ಸರಿಯೋ ತಪ್ಪೋ ಎಂದು ಹೇಳದೆ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೆಳ ನ್ಯಾಯಾಲಯಕ್ಕೆ ಮರಳಿಸಿತು.

ವಾಹನ ತಡೆಯುವುದು ಪೊಲೀಸರಿಗೆ ಅಪಾಯದ ಕೆಲಸ, ಓಡಿಹೋಗುವ ಚಾಲಕನೆದುರು ಅವರಿಗೆ ಸುಲಭದ ದಾರಿಯಿಲ್ಲ ಎಂದು ನ್ಯಾಯಮೂರ್ತಿ ಬ್ರೆಟ್ ಕವನಾ ಪ್ರತ್ಯೇಕವಾಗಿ ಬರೆದಿದ್ದಾರೆ. ಈ ಮಾತನ್ನು ಹಗುರವಾಗಿ ಕಾಣಲಾಗದು. ಒಳಗೆ ಕೂತವನ ಕೈಯಲ್ಲಿ ಏನಿದೆಯೋ ತಿಳಿಯದೆ ಕಿಟಕಿಯ ಬಳಿ ಹೋಗಿ ನಿಲ್ಲುವವರೂ ಯಾರದೋ ಮನೆಯ ಮಕ್ಕಳೇ. ಬಾರ್ನ್ಸ್ ಕಾರು ಚಲಾಯಿಸಿದ್ದೂ ತಪ್ಪೇ.

ಆದರೆ ಓಡಿಹೋದರೆ ನಷ್ಟವೇನಿತ್ತು? ಕಾರಿನ ನಂಬರು ಪೊಲೀಸರ ಬಳಿಯೇ ಇತ್ತು. ಬಾಡಿಗೆಗೆ ಪಡೆದವರ ಹೆಸರು ಕಂಪನಿಯ ಲೆಕ್ಕದಲ್ಲಿ ಸಿಗುತ್ತಿತ್ತು. ಆ ಹೊತ್ತು ಎರಡು ಹೆಜ್ಜೆ ಹಿಂದೆ ಸರಿದಿದ್ದರೆ ಅಧಿಕಾರಿಗೆ ಜೀವಭಯವೇ ಇರುತ್ತಿರಲಿಲ್ಲ. ಕೈಯಾರೆ ತಂದುಕೊಂಡ ಅಪಾಯವನ್ನೇ ಕೊಲ್ಲಲು ಸಮರ್ಥನೆಯಾಗಿ ಒಪ್ಪಿದರೆ, ಯಾವ ಗುಂಡನ್ನೂ ಪ್ರಶ್ನಿಸಲಾಗದು.

ಆದ್ದರಿಂದ ನನ್ನ ಮಟ್ಟಿಗೆ ಆ ಗುಂಡು ಸಮರ್ಥನೀಯವಲ್ಲ. ಟೋಲ್ ಬಾಕಿಯನ್ನು ಮರುದಿನವೂ ವಸೂಲಿ ಮಾಡಬಹುದಿತ್ತು. ಹೋದ ಜೀವವನ್ನು ಯಾವ ತೀರ್ಪೂ ಮರಳಿ ತರಲಾರದು.